ಬನವಾಸಿ ಬಲ್ಲ ಟಾಲೆಮಿಗೆ ಭಾರತದ ಆಕಾರ ತಿಳಿಯಲಿಲ್ಲವೇ?

ಪ್ರಶ್ನೆ: ಮಗಳ ಶಾಲೆಯ ಪ್ರಾಜೆಕ್ಟಿಗೆ ಹಳೆಯ ವಿಶ್ವ ಭೂಪಟ ಹುಡುಕುತ್ತಿದ್ದೆ. ಸುಮಾರು ಎರಡು ಸಾವಿರ ವರ್ಷ ಹಳೆಯದು ಎಂದು ಟಾಲೆಮಿಯ ಪಟವೊಂದು ಸಿಕ್ಕಿತು. ನೀಲಿ ಸಮುದ್ರ, ಅಂಚಿನಲ್ಲಿ ಗಾಳಿ ಊದುವ ತಲೆಗಳು. ಅದರಲ್ಲಿ ಭಾರತ ಕೆಳಗಿಳಿಯುವುದೇ ಇಲ್ಲ, ಅದರ ಬದಿಗೆ ಶ್ರೀಲಂಕಾ ಮಾತ್ರ ದೈತ್ಯನಂತೆ ಕೂತಿದೆ. ನಾವು ಶಿರಸಿಯವರು. ಟಾಲೆಮಿ ನಮ್ಮ ಬನವಾಸಿಯ ಹೆಸರು ಬರೆದಿದ್ದಾನೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಬನವಾಸಿ ಗೊತ್ತಿದ್ದವನಿಗೆ ಭಾರತದ ಆಕಾರ ಗೊತ್ತಿರಲಿಲ್ಲವೇ? ಬೇರೆ ಕೆಲವು ಪಟಗಳಲ್ಲಿ ಪೂರ್ವ ಮೇಲಿದೆ, ಇನ್ನು ಕೆಲವದರಲ್ಲಿ ದಕ್ಷಿಣ. ಅವರೆಲ್ಲ ಭೂಮಿ ಚಪ್ಪಟೆ ಎಂದುಕೊಂಡಿದ್ದರೇ?

ಉತ್ತರ: ಕೊನೆಯ ಪ್ರಶ್ನೆಗೆ ಒಂದೇ ಮಾತು: ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬನವಾಸಿ.

ನೀವು ಹೇಳುವ ಲಕ್ಷಣ ನೋಡಿದರೆ ನಿಮಗೆ ಸಿಕ್ಕಿದ್ದು 1482ರಲ್ಲಿ ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ ಪಟ. ಅಚ್ಚು ಕೆತ್ತಿದವನು ಆರ್ಮ್ಸ್‌ಹೈಮಿನ ಯೋಹಾನೆಸ್ ಶ್ನಿಟ್ಸರ್, ಮೇಲಿನ ಅಂಚಿನಲ್ಲಿ ತನ್ನ ಹೆಸರನ್ನೂ ಕೆತ್ತಿಕೊಂಡಿದ್ದಾನೆ. ಗಣಿತಜ್ಞ ಟಾಲೆಮಿ ಬದುಕಿದ್ದು ಕ್ರಿ.ಶ. 150ರ ಆಸುಪಾಸಿನಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ನಡುವೆ ಹದಿಮೂರು ಶತಮಾನ ಕಳೆದಿವೆ. ಟಾಲೆಮಿಯ ಕಾಲದ ಒಂದು ಪಟವೂ ಇಂದು ಉಳಿದಿಲ್ಲ. ಉಳಿದಿರುವುದು ಅವನ ‘ಜಿಯಾಗ್ರಫಿ’ ಗ್ರಂಥದ ಪಟ್ಟಿ. ಊರು, ನದಿಯ ಅಳಿವೆ, ಬೆಟ್ಟ, ಭೂಶಿರ ಎಂದು ಸುಮಾರು ಎಂಟು ಸಾವಿರ ಹೆಸರು, ಪ್ರತಿ ಹೆಸರಿನ ಮುಂದೆ ರೇಖಾಂಶ ಮತ್ತು ಅಕ್ಷಾಂಶ. ಜೊತೆಗೆ, ಇವನ್ನು ಹಾಳೆಯ ಮೇಲೆ ಇಳಿಸುವುದು ಹೇಗೆಂಬ ವಿಧಾನ.

ಹೀಗೆ ಮಾಡಿದ್ದು ಬೇಕೆಂದೇ. ಚಿತ್ರವನ್ನು ನೋಡಿ ಚಿತ್ರ ಬರೆಯುತ್ತ ಹೋದರೆ ಪ್ರತಿ ನಕಲಿನಲ್ಲೂ ಕೊಂಚ ಕೊಂಚ ಕೆಟ್ಟು ಕೊನೆಗೆ ಮೂಲದ ಗುರುತೇ ಸಿಗುವುದಿಲ್ಲ ಎಂದು ಅವನೇ ಬರೆದಿದ್ದಾನೆ. ಅಂಕಿಗಳಾದರೆ ಹಾಗಲ್ಲ, ಪಟ ಕಳೆದುಹೋದರೂ ಯಾರು ಬೇಕಾದರೂ ಮತ್ತೆ ಬರೆಯಬಹುದು. ನಿಜಕ್ಕೂ ಹಾಗೇ ಆಯಿತು. 1295ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮ್ಯಾಕ್ಸಿಮಸ್ ಪ್ಲಾನುಡೀಸ್ ಎಂಬ ಸನ್ಯಾಸಿ ಈ ಗ್ರಂಥವನ್ನು ಹುಡುಕಿ ತೆಗೆದ. ಆಗಿನಿಂದ ಪಟಗಳು ಮರುಹುಟ್ಟು ಪಡೆದವು. ಹದಿನೈದನೆಯ ಶತಮಾನದ ಮೊದಲ ದಶಕದಲ್ಲಿ ಜಾಕೊಪೊ ಆಂಜೆಲಿ ಅದನ್ನು ಲ್ಯಾಟಿನ್ನಿಗೆ ತಂದ. ಆಮೇಲೆ ಅಚ್ಚಿನ ಮನೆಗಳು ಕೈಗೆತ್ತಿಕೊಂಡವು.

ಈಗ ಮಗಳ ಕೈಗೆ ಒಂದು ಗ್ರಾಫ್ ಹಾಳೆ ಕೊಡಿ. ನಾನು ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ಕೆಲಸ ಇದು. ನಾಲ್ಕೇ ನಾಲ್ಕು ಚುಕ್ಕೆ ಸಾಕು. ಟಾಲೆಮಿಯ ಪಟ್ಟಿಯಲ್ಲಿ ಬರಿಗಾಜ, ಅಂದರೆ ಗುಜರಾತಿನ ಭರೂಚ್, 113¼ ಡಿಗ್ರಿ ರೇಖಾಂಶ (ಅವನು ಎಣಿಸಿದ್ದು ಕೆನರಿ ದ್ವೀಪಗಳಿಂದ), 17⅓ ಡಿಗ್ರಿ ಅಕ್ಷಾಂಶದಲ್ಲಿದೆ. ಬನೌಆಸೈ, ಅಂದರೆ ನಿಮ್ಮ ಬನವಾಸಿ, 116 ಮತ್ತು 16¾ರಲ್ಲಿ. ಕೇರಳದ ಹಳೆಯ ಬಂದರು ಮುಜಿರಿಸ್ 117 ಮತ್ತು 14ರಲ್ಲಿ. ಕೊಮಾರಿಯಾ, ನಮ್ಮ ಕನ್ಯಾಕುಮಾರಿ, 121¾ ಮತ್ತು 13½ರಲ್ಲಿ. ಹಸ್ತಪ್ರತಿಯಿಂದ ಹಸ್ತಪ್ರತಿಗೆ ಚಿಲ್ಲರೆ ವ್ಯತ್ಯಾಸ ಇದ್ದೇ ಇದೆ. ಗ್ರೀಕರು ಅಂಕಿಗಳನ್ನೂ ಅಕ್ಷರಗಳಲ್ಲೇ ಬರೆಯುತ್ತಿದ್ದರಿಂದ ಒಂದು ಗೀಟು ತಪ್ಪಿದರೆ ಊರೇ ಜರುಗುತ್ತಿತ್ತು. ಇರಲಿ. ಈ ನಾಲ್ಕು ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ ನೋಡಿ. ಭರೂಚಿನಿಂದ ಕನ್ಯಾಕುಮಾರಿಗೆ ಪೂರ್ವಕ್ಕೆ ಎಂಟೂವರೆ ಡಿಗ್ರಿ ಹೋಗುತ್ತೀರಿ, ದಕ್ಷಿಣಕ್ಕೆ ನಾಲ್ಕೂ ಇಳಿಯುವುದಿಲ್ಲ. ವಾಸ್ತವದಲ್ಲಿ ಅದು ತಿರುವುಮುರುವು: ಪೂರ್ವಕ್ಕೆ ನಾಲ್ಕೂವರೆ, ದಕ್ಷಿಣಕ್ಕೆ ಹದಿಮೂರೂವರೆ. ಟಾಲೆಮಿಯ ಲೆಕ್ಕದಲ್ಲಿ ಬನವಾಸಿ ಭರೂಚಿಗಿಂತ ಅರ್ಧ ಡಿಗ್ರಿ ಮಾತ್ರ ಕೆಳಗೆ. ನಿಜವಾಗಿ ಏಳು ಡಿಗ್ರಿ.

ನಿಮ್ಮ ಪ್ರಶ್ನೆಯ ಗುಟ್ಟು ಇಲ್ಲಿಯೇ ಇದೆ. ಟಾಲೆಮಿಗೆ ಬನವಾಸಿ ಗೊತ್ತಿತ್ತು ಎಂದರೆ ಹೆಸರು ಗೊತ್ತಿತ್ತು, ಯಾವ ಸೀಮೆಯೊಳಗಿನ ಊರು ಎಂದು ಗೊತ್ತಿತ್ತು. ಆಕಾರ ಎಂಬುದು ಯಾರೂ ಕಣ್ಣಿನಿಂದ ನೋಡಿ ಹೇಳಿದ ಸಂಗತಿಯಲ್ಲ. ಉಪಗ್ರಹವಿಲ್ಲದ ಕಾಲದಲ್ಲಿ ದೇಶದ ಆಕಾರವೆಂದರೆ ಲೆಕ್ಕದ ಉತ್ತರ. ಲೆಕ್ಕಕ್ಕೆ ಸಿಕ್ಕ ಸಾಮಗ್ರಿ ಎಂಥದ್ದೋ ಆಕಾರವೂ ಅಂಥದ್ದೇ.

ಸಾಮಗ್ರಿ ಯಾರು ಕೊಟ್ಟರು? ವ್ಯಾಪಾರಿಗಳು. ಅರೇಬಿಯಾದಿಂದ ಸಿಮುಲ್ಲಾ ಬಂದರಿಗೆ (ಕೊಂಕಣ ಕರಾವಳಿಯ ಚೌಲ್) ಹಡಗಿನಲ್ಲಿ ಹೋಗಿಬಂದವರು, ಅಲ್ಲಿನವರು ಆ ಊರನ್ನು ತಿಮೌಲಾ ಎನ್ನುತ್ತಾರೆ ಎಂದು ಅವನಿಗೆ ತಿದ್ದಿ ಹೇಳಿದ್ದರು. ಹೆಸರಿನ ವಿಷಯದಲ್ಲಿ ಅಷ್ಟು ಎಚ್ಚರ. ದೂರದ ವಿಷಯಕ್ಕೆ ಬಂದರೆ ಮಾತ್ರ, ಈ ಜನ ತಮ್ಮ ವ್ಯಾಪಾರದಲ್ಲಿ ಮುಳುಗಿರುವವರು, ಬಡಾಯಿಗೆ ದಾರಿ ಉದ್ದ ಮಾಡಿ ಹೇಳುತ್ತಾರೆ ಎಂಬ ದೂರನ್ನೂ ಟಾಲೆಮಿ ದಾಖಲಿಸಿದ್ದಾನೆ. ಎಷ್ಟು ದಿನದ ಪಯಣ, ಗಾಳಿ ಯಾವ ಕಡೆಯದು, ಇಷ್ಟು ಬಿಟ್ಟರೆ ಅವರ ಬಳಿ ಇನ್ನೇನೂ ಇರಲಿಲ್ಲ. ಅಕ್ಷಾಂಶ ಅಳೆಯುವುದು ಗೊತ್ತಿದ್ದ ವಿದ್ಯೆಯೇ: ಮಧ್ಯಾಹ್ನದ ನೆರಳು ಅಳೆದರೆ ಸಾಕು. ಆದರೆ ಅದಕ್ಕೆ ಬಲ್ಲವನೊಬ್ಬ ಆ ಊರಲ್ಲಿ ನಿಂತು ಕೋಲು ನೆಡಬೇಕು. ಮುಜಿರಿಸ್‌ನಲ್ಲಿ ಮೆಣಸಿನ ಮೂಟೆ ತೂಗುತ್ತಿದ್ದವನಿಗೆ ಅದೆಲ್ಲಿಯ ಪುರಸೊತ್ತು?

ರೇಖಾಂಶದ ಕಥೆ ಇನ್ನೂ ಫಜೀತಿ. ಎರಡು ಊರುಗಳ ನಡುವಿನ ರೇಖಾಂಶ ತಿಳಿಯಬೇಕಾದರೆ ಒಂದೇ ಕ್ಷಣದಲ್ಲಿ ಎರಡೂ ಕಡೆ ಗಂಟೆ ಎಷ್ಟೆಂದು ಗೊತ್ತಾಗಬೇಕು. ಆಗ ಅದಕ್ಕಿದ್ದ ಒಂದೇ ಉಪಾಯ ಚಂದ್ರಗ್ರಹಣ. ಕ್ರಿ.ಪೂ. 331ರ ಸೆಪ್ಟೆಂಬರಿನಲ್ಲಿ, ಅಲೆಕ್ಸಾಂಡರನ ಗೌಗಮೇಲ ಯುದ್ಧಕ್ಕೆ ಕೆಲವೇ ದಿನ ಮೊದಲು ಗ್ರಹಣವಾಯಿತು. ಈಗಿನ ಇರಾಕಿನ ಅರ್ಬೇಲಾದಲ್ಲಿ ಅದು ರಾತ್ರಿಯ ಐದನೆಯ ಗಂಟೆಗೆ ಕಂಡಿತು, ಟುನೀಸಿಯಾದ ಕಾರ್ಥೇಜಿನಲ್ಲಿ ಎರಡನೆಯ ಗಂಟೆಗೆ ಎಂದು ಟಾಲೆಮಿ ಬರೆಯುತ್ತಾನೆ. ಮೂರು ಗಂಟೆಯ ಅಂತರ, ಗಂಟೆಗೆ 15 ಡಿಗ್ರಿಯಂತೆ 45 ಡಿಗ್ರಿ. ನಿಜವಾದ ಅಂತರ 34ರ ಹತ್ತಿರ. ಯುದ್ಧದ ಪಾಳೆಯದಲ್ಲಿ ಯಾರೋ ಅಂದಾಜಿನಲ್ಲಿ ಹೇಳಿದ ಗಂಟೆ ಐದು ಶತಮಾನ ದಾಟಿ ಭೂಗೋಳದ ಅಳತೆಗೋಲಾಯಿತು! ವಿಧಾನದಲ್ಲಿ ದೋಷ ಹುಡುಕಿದರೂ ಸಿಗದು, ಇವತ್ತಿಗೂ ತರ್ಕ ಅದೇ. ಕೆಟ್ಟಿದ್ದು ಅಂಕಿ. ಮೆಡಿಟರೇನಿಯನ್ ಸಮುದ್ರ ಅವನ ಪಟ್ಟಿಯಲ್ಲಿ 62 ಡಿಗ್ರಿ ಉದ್ದ ಬೆಳೆದು ನಿಂತಿದೆ, ಇರುವುದು 42.

ಅದರ ಮೇಲೆ ಇನ್ನೊಂದು ಎಡವಟ್ಟು. ಟಾಲೆಮಿಗಿಂತ ಹಿಂದಿನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಭೂಮಿಯ ಸುತ್ತಳತೆ 2,52,000 ಸ್ಟೇಡಿಯ (ಗ್ರೀಕರ ದೂರದ ಅಳತೆ) ಎಂದಿದ್ದ, ಅಂದರೆ ಡಿಗ್ರಿಗೆ 700. ಟಾಲೆಮಿ ಆರಿಸಿಕೊಂಡಿದ್ದು ಡಿಗ್ರಿಗೆ 500 ಎಂಬ ಚಿಕ್ಕ ಲೆಕ್ಕವನ್ನು. ಭೂಮಿ ಚಿಕ್ಕದಾಯಿತು, ಪ್ರಯಾಣದ ದೂರ ಅಷ್ಟೇ ಉಳಿಯಿತು, ಹೀಗಾಗಿ ಪ್ರತಿ ದೇಶವೂ ಹೆಚ್ಚು ಡಿಗ್ರಿ ನುಂಗಿತು. ಕೆನರಿ ದ್ವೀಪಗಳಿಂದ ಪೂರ್ವದ ಕೊನೆಯವರೆಗೆ ಅವನಿಗೆ 180 ಡಿಗ್ರಿ ನೆಲ. ಪಶ್ಚಿಮದಿಂದ ಹೋದರೆ ಏಷ್ಯಾ ಹತ್ತಿರ ಎಂದು ಕೊಲಂಬಸ್ ನಂಬುವುದಕ್ಕೆ ಇಂಥ ಲೆಕ್ಕಗಳೇ ಆಸರೆಯಾದವು.

ಇನ್ನು ಲಂಕೆ, ಅವನ ತಪ್ರೊಬಾನೆ. ಹತ್ತಕ್ಕೂ ಹೆಚ್ಚು ಪಟ್ಟು ಹಿಗ್ಗಿ ಸಮಭಾಜಕ ವೃತ್ತವನ್ನೂ ದಾಟಿ ಹೋಗಿದೆ. ಗ್ರೀಕರಲ್ಲಿ ಅದು ಬೇರೆಯೇ ಒಂದು ಲೋಕ ಎಂಬ ಮಾತು ಬಹುಕಾಲದಿಂದ ಇತ್ತು. ಅಷ್ಟು ದೊಡ್ಡ ಲಂಕೆಯನ್ನು ಕೂರಿಸಲು ಜಾಗ ಬೇಕಲ್ಲ, ಹಾಗಾಗಿ ಭಾರತದ ತುದಿಯನ್ನು ಮೇಲೆತ್ತಬೇಕಾಯಿತೇನೋ ಎಂಬುದು ನನ್ನ ಗುಮಾನಿ.

ನನಗೆ ಇದಕ್ಕಿಂತ ಹೆಚ್ಚು ಸೋಜಿಗ ಎನಿಸುವ ಸಂಗತಿ ಬೇರೊಂದಿದೆ. ಟಾಲೆಮಿಗಿಂತ ಸುಮಾರು ನೂರು ವರ್ಷ ಮೊದಲು, ಹೆಸರು ತಿಳಿಯದ ಗ್ರೀಕ್ ನಾವಿಕ-ವ್ಯಾಪಾರಿಯೊಬ್ಬ ಬರೆದ ಕೈಪಿಡಿ ಇದೆ, ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’. ಬರಿಗಾಜ ದಾಟಿದ ಮೇಲೆ ಕರಾವಳಿ ಉತ್ತರದಿಂದ ನೇರ ದಕ್ಷಿಣಕ್ಕೆ ಹೋಗುತ್ತದೆ ಎಂದು ಅವನು ಸ್ಪಷ್ಟವಾಗಿ ಬರೆಯುತ್ತಾನೆ. ಈ ಸೀಮೆಗೆ ‘ದಖಿನಬದೇಸ್’ ಎನ್ನುತ್ತಾರಂತೆ, ಯಾಕೆಂದರೆ ಅಲ್ಲಿನವರ ಮಾತಿನಲ್ಲಿ ‘ದಖನೋಸ್’ ಎಂದರೆ ದಕ್ಷಿಣ! ನಮ್ಮ ದಕ್ಷಿಣಾಪಥ ಗ್ರೀಕ್ ವೇಷ ತೊಟ್ಟು ನಿಂತಿದೆ. ಹಡಗು ನಡೆಸಿದವನಿಗೆ ದಿಕ್ಕು ಸರಿಯಾಗಿ ಗೊತ್ತಿತ್ತು, ಗಣಿತಜ್ಞನ ಪಟ್ಟಿಯಲ್ಲಿ ಅದು ಕಳೆದುಹೋಯಿತು. ಹಾಗೆಂದು ನಾವಿಕನನ್ನು ತಲೆಯ ಮೇಲೆ ಕೂರಿಸಬೇಕಿಲ್ಲ. ಅದೇ ಮಹಾರಾಯ ಲಂಕೆ ಆಫ್ರಿಕಾದ ಹತ್ತಿರದವರೆಗೂ ಚಾಚಿದೆ ಎಂದೂ ಬರೆದಿದ್ದಾನೆ. ತಾನು ಹೋದಲ್ಲಿವರೆಗೆ ಸರಿ, ಆಚೆಗೆ ಕೇಳಿದ್ದೇ ನಿಜ.

ಮೇಲು-ಕೆಳಗಿನ ಪ್ರಶ್ನೆಗೆ ಈ ‘ದಕ್ಷಿಣ’ವೇ ಒಳ್ಳೆಯ ಕೊಂಡಿ. ದಕ್ಷಿಣ ಎಂದರೆ ಬಲಗಡೆ ಎಂದೂ ಅರ್ಥ. ಪ್ರದಕ್ಷಿಣೆಯಲ್ಲಿ ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತೇವಲ್ಲ, ಅದೇ ಬಲ. ಪೂರ್ವ ಎಂದರೆ ಮುಂದಿನದು, ಪಶ್ಚಿಮ ಎಂದರೆ ಹಿಂದಿನದು. ಸೂರ್ಯ ಮೂಡುವ ಕಡೆ ಮುಖ ಮಾಡಿ ನಿಂತವನ ಭಾಷೆ ಇದು. ಅಂಥವನು ಪಟ ಬರೆದರೆ ಮುಂದಿರುವುದೇ ಮೇಲೆ ಬರುತ್ತದೆ, ದಕ್ಷಿಣ ಬಲಕ್ಕೆ ಬೀಳುತ್ತದೆ. ಮಧ್ಯಯುಗದ ಯುರೋಪಿನ ಮಠಗಳಲ್ಲಿ ಆದದ್ದೂ ಹೀಗೇ. ಅವರಿಗೆ ಪೂರ್ವವೆಂದರೆ ಏದೆನ್ ತೋಟವಿದ್ದ ದಿಕ್ಕು ಕೂಡ. ಉತ್ತರ ಮೇಲಿರಬೇಕು ಎಂಬ ನಿಯಮ ಪ್ರಕೃತಿ ಮಾಡಿದ್ದಲ್ಲ. ಟಾಲೆಮಿಯ ರೂಢಿ ಅಚ್ಚಿನ ಪುಸ್ತಕಗಳ ಮೂಲಕ ಹರಡಿ ಅಭ್ಯಾಸವಾಯಿತು, ಅಷ್ಟೆ.

ಪೂರ್ವ ಮೇಲಿರುವ ಪಟಗಳಲ್ಲಿ ಇಂಗ್ಲೆಂಡಿನ ಹೆರಿಫರ್ಡ್ ಚರ್ಚಿನದನ್ನು ತುಸು ಹತ್ತಿರದಿಂದ ನೋಡಬೇಕು. 1300ರ ಸುಮಾರಿನದು. ಒಂದೇ ಕರುವಿನ ಚರ್ಮದ ಮೇಲೆ ಬರೆದದ್ದು, ಎತ್ತರ 1.59 ಮೀಟರ್, ಅಗಲ 1.34. ನಟ್ಟನಡುವೆ ಜೆರುಸಲೇಮ್. ವೃತ್ತ ಎಳೆಯಲು ಕೈವಾರದ ಮೊನೆ ಊರಿದ ತೂತು ಈಗಲೂ ಅಲ್ಲಿದೆ. ಹೆರಿಫರ್ಡ್ ಊರಿನ ಗುರುತು ಮಾತ್ರ ಹೆಚ್ಚುಕಡಿಮೆ ಅಳಿಸಿಹೋಗಿದೆ, ‘ನಾವಿರುವುದು ಇಲ್ಲಿ’ ಎಂದು ಏಳು ಶತಮಾನ ಬೆರಳಿಟ್ಟಿದ್ದರ ಫಲ. ದೊಡ್ಡ ಚಿನ್ನದ ಅಕ್ಷರಗಳಲ್ಲಿ ಯುರೋಪಿನ ಮೇಲೆ ಆಫ್ರಿಕಾ ಎಂದೂ ಆಫ್ರಿಕಾದ ಮೇಲೆ ಯುರೋಪ್ ಎಂದೂ ಬರೆದಿದೆ. ಅದು ಅಜ್ಞಾನವಲ್ಲ, ಬರೆಯುವವನ ಅಚಾತುರ್ಯ. ಅಷ್ಟು ದೊಡ್ಡ ಅಕ್ಷರದ ತಪ್ಪನ್ನು ನೋಡಿದಾಗ ಅವನ ಎದೆ ಎಷ್ಟು ಧಸಕ್ಕೆಂದಿರಬೇಕು!

ಇದನ್ನು ದಾರಿ ಹುಡುಕಲು ಬರೆದಿರಲಿಲ್ಲ. ಸೃಷ್ಟಿಯಿಂದ ಕೊನೆಯ ತೀರ್ಪಿನವರೆಗಿನ ಕಥೆಯನ್ನು ಒಂದೇ ಚರ್ಮದ ಮೇಲೆ ಹರಡಿಟ್ಟದ್ದು. ಹಾಗಾಗಿ ನೋಹನ ಹಡಗೂ ಇದೆ, ಬಾಬೆಲ್ ಗೋಪುರವೂ ಇದೆ. ಮೇಲ್ಗಡೆ, ಭಾರತದ ಸೀಮೆಯಲ್ಲಿ, ಒಂಟಿ ಕಾಲಿನ ಮನುಷ್ಯ ಮಲಗಿ ತನ್ನ ಪಾದವನ್ನೇ ಕೊಡೆ ಮಾಡಿಕೊಂಡಿದ್ದಾನೆ. ಬಿಳಿಯರು ನಮ್ಮನ್ನು ಹೀಗೆ ಕಂಡರಲ್ಲ ಎಂದು ಬೇಸರ ಪಡುವ ಮುನ್ನ ಮಹಾಭಾರತದ ಸಭಾಪರ್ವ ತೆರೆಯಿರಿ. ಸಹದೇವನ ದಿಗ್ವಿಜಯದಲ್ಲಿ ಏಕಪಾದರು ಬರುತ್ತಾರೆ, ಕಿವಿಯನ್ನೇ ಹೊದ್ದುಕೊಳ್ಳುವ ಕರ್ಣಪ್ರಾವರಣರೂ ಬರುತ್ತಾರೆ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಾಸ್ತನೀಸನಂಥವರು ಇಲ್ಲಿ ಕೇಳಿದ ಕಥೆಗಳನ್ನು ಗ್ರೀಕಿನಲ್ಲಿ ಬರೆದರು, ರೋಮಿನ ಪ್ಲಿನಿ ಅದನ್ನೆಲ್ಲ ಒಟ್ಟು ಮಾಡಿದ, ಅಲ್ಲಿಂದ ಮಠಗಳಿಗೆ ಹೋಯಿತು. ಹೆರಿಫರ್ಡಿನ ವಿಕಾರರೂಪಿಗಳಲ್ಲಿ ಕೆಲವರಾದರೂ ನಮ್ಮ ಮನೆಯಿಂದ ಹೊರಟವರೇ. ಅಂದಹಾಗೆ, ಹಳೆಯ ಪಟಗಳಲ್ಲೆಲ್ಲ ‘ಇಲ್ಲಿ ಡ್ರ್ಯಾಗನ್‌ಗಳಿವೆ’ ಎಂದು ಬರೆದಿರುತ್ತಿತ್ತು ಎನ್ನುವುದು ಬುರುಡೆ. ಆ ವಾಕ್ಯ ಸಿಗುವುದು ಪಟದಲ್ಲಲ್ಲ, ಹದಿನಾರನೆಯ ಶತಮಾನದ ಆರಂಭದ ಪುಟ್ಟ ಗೋಲವೊಂದರ ಮೇಲೆ.

ಲೋಕವನ್ನು ಹೀಗೆ ಅರ್ಥದ ಪ್ರಕಾರ ಬರೆಯುವುದು ಅವರೊಬ್ಬರ ಚಾಳಿಯೂ ಅಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಂಗೈಯಷ್ಟಗಲದ ಬ್ಯಾಬಿಲೋನಿನ ಮಣ್ಣಿನ ಹಲಗೆಯಿದೆ, ಕ್ರಿ.ಪೂ. ಆರನೆಯ ಶತಮಾನದ ಸುಮಾರಿನದು. ನಡುವೆ ಬ್ಯಾಬಿಲೋನ್, ಯೂಫ್ರೆಟಿಸ್‌ಗೆ ಎರಡು ಗೆರೆ, ಸುತ್ತ ‘ಕಹಿ ನದಿ’ಯ ಬಳೆ, ಅದರಾಚೆ ಕಟ್ಟುಕಥೆಯ ನಾಡುಗಳ ತ್ರಿಕೋನಗಳು. ಜೈನರ ಜಂಬೂದ್ವೀಪದ ಚಿತ್ರ ನೋಡಿದವರಿಗೆ ಇದು ಅಪರಿಚಿತ ಎನಿಸದು. ನಡುವೆ ಮೇರು, ಒಂದು ಲಕ್ಷ ಯೋಜನ ವ್ಯಾಸದ ದ್ವೀಪ, ಸುತ್ತ ಎರಡು ಲಕ್ಷ ಯೋಜನ ಅಗಲದ ಲವಣ ಸಮುದ್ರ, ದಕ್ಷಿಣದ ಅಂಚಿನಲ್ಲಿ ಬಿಲ್ಲಿನಾಕಾರದ ಭರತಕ್ಷೇತ್ರ. ಅದನ್ನು ಹಿಡಿದುಕೊಂಡು ಯಾರೂ ಶ್ರವಣಬೆಳಗೊಳಕ್ಕೆ ಹೊರಡುತ್ತಿರಲಿಲ್ಲ.

ಹಾಗಾದರೆ ಚಪ್ಪಟೆ ಭೂಮಿ? ವೃತ್ತದೊಳಗೆ ಲೋಕ ಬರೆದರೆ ಭೂಮಿ ದೋಸೆಯಂತಿದೆ ಎಂದು ಅರ್ಥವಲ್ಲ. ನಮ್ಮ ತರಗತಿಯ ಗೋಡೆಯ ಪಟವೂ ಚಪ್ಪಟೆಯೇ ತಾನೇ? ಟಾಲೆಮಿಯ ಇಡೀ ಸಮಸ್ಯೆಯೇ ಗುಂಡಗಿರುವುದನ್ನು ಹಾಳೆಗೆ ಇಳಿಸುವುದು. ಆರ್ಯಭಟ 499ರಲ್ಲಿ ಭೂಮಿಯನ್ನು ಎಲ್ಲ ಕಡೆ ಎಸಳು ತುಂಬಿದ ಕದಂಬದ ಹೂಚೆಂಡಿಗೆ ಹೋಲಿಸಿದ. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಭೂಮಿ ಗೋಲ ಎಂಬುದೇ ಪಾಠ. ಎಲ್ಲರೂ ಚಪ್ಪಟೆ ಎಂದಾಗ ಕೊಲಂಬಸ್ ಒಬ್ಬನೇ ಗುಂಡು ಎಂದ ಎಂಬ ಕಥೆಯನ್ನು ಜನಪ್ರಿಯ ಮಾಡಿದ್ದು 1828ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಬರೆದ ಜೀವನಚರಿತ್ರೆ. ವಿದ್ವಾಂಸರು ಕೊಲಂಬಸನ ಜೊತೆ ಜಗಳ ಆಡಿದ್ದು ಭೂಮಿಯ ಗಾತ್ರದ ಬಗ್ಗೆ, ಮತ್ತು ಸರಿಯಿದ್ದವರು ವಿದ್ವಾಂಸರು.

ದಕ್ಷಿಣ ಮೇಲಿರುವ ಪಟಗಳಲ್ಲಿ ಹೆಸರಾದದ್ದು ಅಲ್-ಇದ್ರೀಸಿಯದು. ಸಿಸಿಲಿಯ ಕ್ರೈಸ್ತ ದೊರೆ ಎರಡನೆಯ ರೋಜರ್, ಈ ಮುಸ್ಲಿಂ ವಿದ್ವಾಂಸನನ್ನು ಕರೆಸಿ ಪಲೆರ್ಮೊದಲ್ಲಿ ಹದಿನೈದು ವರ್ಷ ಮಾಡಿಸಿದ ಕೆಲಸ ಅದು, 1154ರಲ್ಲಿ ಮುಗಿಯಿತು. ಲೋಕವನ್ನು ಏಳು ಪಟ್ಟಿಗಳಾಗಿ, ಪ್ರತಿಯೊಂದನ್ನು ಹತ್ತು ತುಂಡಾಗಿ ಕತ್ತರಿಸಿ, 70 ಪಟ. ಪ್ರಯಾಣಿಕರನ್ನು ಕೂರಿಸಿ ಒಬ್ಬೊಬ್ಬರನ್ನೇ ವಿಚಾರಿಸಿ, ಹೇಳಿಕೆ ತಾಳೆಯಾದರೆ ಮಾತ್ರ ಬರೆದುಕೊಳ್ಳುತ್ತಿದ್ದರಂತೆ. ಹೀಗಿದ್ದೂ ಅದರಲ್ಲಿ ಭಾರತ ತ್ರಿಕೋನವಾಗಲಿಲ್ಲ. ಬುನಾದಿ ಟಾಲೆಮಿಯದೇ ಆಗಿತ್ತು. 1402ರ ಕೊರಿಯಾದ ಕಂಗ್ನಿದೋ ಪಟದಲ್ಲಿ ಆಫ್ರಿಕಾದ ದಕ್ಷಿಣ ತುದಿ ಕಾಣುತ್ತದೆ, ಭಾರತ ಮಾತ್ರ ಚೀನಾದ ಹೊಟ್ಟೆಯೊಳಗೆ ಕರಗಿದೆ.

ಟಾಲೆಮಿಯನ್ನು ಎದುರು ಹಾಕಿಕೊಂಡವರಲ್ಲಿ ನನಗೆ ಇಷ್ಟದವನು ವೆನಿಸ್ಸಿನ ಸನ್ಯಾಸಿ ಫ್ರಾ ಮೌರೋ. 1450ರ ಸುಮಾರಿಗೆ ಎರಡು ಮೀಟರ್ ಅಗಲದ ದುಂಡು ಪಟ ಬರೆದ, ಅದರಲ್ಲೂ ದಕ್ಷಿಣ ಮೇಲೆ. ಹಿಂದೂ ಮಹಾಸಾಗರ ನೆಲದಿಂದ ಸುತ್ತುವರಿದ ಕೆರೆ ಎಂಬ ಟಾಲೆಮಿಯ ಮಾತನ್ನು ತಳ್ಳಿಹಾಕಿ ಅದನ್ನು ತೆರೆದ ಕಡಲು ಮಾಡಿದ. ಅವನು ನೆಚ್ಚಿಕೊಂಡ ಮಾಹಿತಿಯಲ್ಲಿ ಇಟಲಿಯ ಪ್ರವಾಸಿ ನಿಕೊಲೊ ಕಾಂಟಿಯದೂ ಸೇರಿದೆ. ಹೌದು, 1420ರ ಸುಮಾರಿಗೆ ವಿಜಯನಗರಕ್ಕೆ ಬಂದು, ಪಟ್ಟಣದ ಸುತ್ತಳತೆ ಅರವತ್ತು ಮೈಲಿ ಎಂದು ಹೇಳಿದ ಅದೇ ಕಾಂಟಿ. ಏಷ್ಯಾಕ್ಕೆ ಸರಿಯಾದ ಜಾಗ ಕೊಟ್ಟದ್ದರಿಂದ ಜೆರುಸಲೇಮ್ ನಡುವಿನಿಂದ ಜರುಗಿತು. ಸನ್ಯಾಸಿಗೆ ಸಂಕಟ. ಪಟದ ಮೇಲೇ ಒಂದು ಸಮಜಾಯಿಷಿ ಬರೆದ: ನೆಲದ ಅಳತೆಯಲ್ಲಿ ಅದು ನಡುವೆ ಇಲ್ಲದಿರಬಹುದು, ಜನವಸತಿಯ ದಟ್ಟಣೆ ಲೆಕ್ಕ ಹಾಕಿದರೆ ನಡುವೆಯೇ ಇದೆ.

ಕೊನೆಗೆ ಭಾರತ ನಮಗೆ ಗುರುತು ಸಿಗುವ ತ್ರಿಕೋನವಾದದ್ದು 1502ರಲ್ಲಿ. 1375ರ ಕೆಟಲನ್ ಅಟ್ಲಾಸಿನಲ್ಲೇ ಅದು ಪರ್ಯಾಯದ್ವೀಪದಂತೆ ಚಾಚಿಕೊಂಡಿತ್ತು, ಆದರೆ ಅಳತೆಯಿಂದ ಬಂದ ಆಕಾರವಲ್ಲ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ, ಮರಳುವಾಗ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ಸರಿಮಾಡಿಕೊಂಡ. ಪೋರ್ಚುಗೀಸರು ಸೂರ್ಯನ ಎತ್ತರ ಅಳೆದು ಅಕ್ಷಾಂಶ ಬರೆಯುವುದನ್ನು ಕಲಿತಿದ್ದರು. ಟಾಲೆಮಿಗೆ ಸಿಗದೇ ಹೋದ ಆ ಅಳತೆಗಾರ ಕೊನೆಗೂ ಹಡಗು ಹತ್ತಿ ಬಂದಿದ್ದ. ಆ ಅಂಕಿಗಳೆಲ್ಲ ಲಿಸ್ಬನ್ನಿನಲ್ಲಿ ರಾಜ್ಯದ ಗುಟ್ಟು. ಇಟಲಿಯ ಫೆರಾರದ ಡ್ಯೂಕನಿಗಾಗಿ ಆಲ್ಬೆರ್ಟೊ ಕಾಂಟಿನೊ ಎಂಬವನು 12 ಚಿನ್ನದ ಡುಕಾಟ್ ತೆತ್ತು ಒಂದು ಪಟ ಮಾಡಿಸಿ ಸಾಗಿಸಿದ. ಅದರಲ್ಲಿ ಭಾರತ ಉದ್ದನೆಯ, ತುಸು ಬಡಕಲು ತ್ರಿಕೋನ. ಮುಂದೆ 1859ರ ಗಲಭೆಯಲ್ಲಿ ಮೊಡೆನಾದ ಅರಮನೆಯಿಂದ ಈ ಪಟ ಕಾಣೆಯಾಯಿತು. ಕೆಲವು ವರ್ಷಗಳ ಮೇಲೆ ಅದೇ ಊರಿನ ಮಾಂಸದಂಗಡಿಯೊಂದರಲ್ಲಿ ಮರೆಪರದೆಯಾಗಿ ನಿಂತಿದ್ದನ್ನು ಗ್ರಂಥಾಲಯದವರೊಬ್ಬರು ಗುರುತಿಸಿ ತಂದರು.

ಮಗಳ ಪ್ರಾಜೆಕ್ಟಿಗೆ ಉಲ್ಮ್ ಮತ್ತು ಕಾಂಟಿನೊ ಎರಡನ್ನೂ ಅಕ್ಕಪಕ್ಕ ಅಂಟಿಸಿ, ನಡುವೆ ಅವಳ ಗ್ರಾಫ್ ಹಾಳೆ. ಮೊದಲನೆಯದರ ಕೆಳಗೆ ‘ಕ್ರಿ.ಶ. 150’ ಎಂದು ಬರೆಯುವುದು ಬೇಡ. ‘ಟಾಲೆಮಿಯ ಅಂಕಿಗಳು, ಶ್ನಿಟ್ಸರನ ಅಚ್ಚು, 1482’ ಎಂದಿರಲಿ.